ಎರಡು ಎಕರೆ ಖುಷ್ಕಿ ಹೊಲದಲ್ಲಿ ಒಂದು ತೋಪು: ಗುಣಿ ತೆಗೆಯುವುದರಿಂದ ಮರ ಕಡಿಯುವವರೆಗೆ

ಹಳೇ ಮೈಸೂರು ಕಡೆ ಊರಾಚೆಗೊಂದು ಗುಂಡುತೋಪು ಇರುತ್ತಿತ್ತು. ಮಾವು, ಹುಣಸೆ, ನೇರಳೆ, ಹಿಪ್ಪೆ, ಹೊಂಗೆ. ದಾರಿಹೋಕರು ಗಾಡಿ ಬಿಚ್ಚಿ ಅಲ್ಲೇ ಅಡುಗೆ ಮಾಡಿಕೊಳ್ಳುತ್ತಿದ್ದರು. ಹಣ್ಣಿನಲ್ಲಿ ಅರ್ಧ ಮಕ್ಕಳಿಗೆ, ಅರ್ಧ ಬಾವಲಿಗೆ. ಯಾರದೋ ಮನೆಗೆ ತೊಲೆ ಬೇಕಾದರೆ ಒಂದು ಮರ ಉರುಳುತ್ತಿತ್ತು. ಈಗ ಎಷ್ಟೋ ಊರುಗಳಲ್ಲಿ ಗುಂಡುತೋಪು ಇರುವುದು ಪಹಣಿಯಲ್ಲಿ ಮಾತ್ರ.

ಅಂಥದ್ದೊಂದು ತೋಪನ್ನು ಸ್ವಂತ ಹೊಲದಲ್ಲಿ ಬೆಳೆಸುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ನನ್ನದು ತುಮಕೂರು ಸೀಮೆಯ ಎರಡು ಎಕರೆ ಕೆಮ್ಮಣ್ಣಿನ ಹೊಲ. ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ. 2014ರಲ್ಲಿ ಗಿಡ ಇಟ್ಟೆ. ಮಲೆನಾಡಿನವರೋ ಎರೆಮಣ್ಣಿನವರೋ ಈ ಗಿಡಗಳ ಪಟ್ಟಿಯನ್ನು ಹಾಗೇ ಎತ್ತಿಕೊಂಡು ಹೋಗಬೇಡಿ. ಕೆಲಸದ ಕ್ರಮ ಮಾತ್ರ ಹೆಚ್ಚುಕಮ್ಮಿ ಎಲ್ಲ ಕಡೆಗೂ ಹೊಂದುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯಾವ ಮರ ಕಡಿಯುತ್ತೀರಿ, ಯಾವುದಕ್ಕೆ ಕೊಡಲಿ ಮುಟ್ಟಿಸುವುದಿಲ್ಲ ಅನ್ನೋದು ಗುಣಿ ತೆಗೆಯುವ ಮುಂಚೆಯೇ ತೀರ್ಮಾನ ಆಗಿರಬೇಕು. ಇದನ್ನು ಮುಂದೂಡಿದವರ ತೋಪು ಹತ್ತನೇ ವರ್ಷಕ್ಕೆ ಏನಾಗುತ್ತದೆ ಗೊತ್ತಾ? ತೊಡೆ ದಪ್ಪದ ಸಾವಿರ ಮರ ಒಂದಕ್ಕೊಂದು ತಾಗಿಕೊಂಡು ಒಣಗುತ್ತಾ ನಿಂತಿರುತ್ತವೆ. ಮರಕ್ಕೂ ಬೆಲೆ ಇಲ್ಲ, ಹಕ್ಕಿಗೂ ಹಣ್ಣಿಲ್ಲ.

ಇಲ್ಲಿ ಮರ ಬೇಕಾ?

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿವೆ. ಅವು ಬದುಕಿರುವುದು ಹುಲ್ಲುಬಯಲಿನಲ್ಲಿ, ಕಾಡಿನಲ್ಲಲ್ಲ. ಅಂಥ ಬಯಲಿಗೆ ಗಿಡ ಇಟ್ಟರೆ ಹಸಿರು ಜಾಸ್ತಿಯಾಗುತ್ತದೆ, ಜಿಂಕೆ ಹೋಗುತ್ತದೆ. ನಿಮ್ಮ ಜಾಗವೂ ಯಾವತ್ತೂ ಉಳದ ಹುಲ್ಲುಗಾವಲಾಗಿದ್ದರೆ, ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗಳಿದ್ದರೆ, ಅದನ್ನು ಹಾಗೇ ಬಿಡಿ. ತೋಪಿಗೆ ಒಳ್ಳೆಯ ಜಾಗ ಅಂದರೆ ಉಳುಮೆ ಮಾಡಿ ಮಾಡಿ ಬಸವಳಿದ ಹೊಲ, ನೀಲಗಿರಿ ತೆಗೆದ ನೆಲ, ಅಂಥವು. ಅಂದಹಾಗೆ ಹೊಸದಾಗಿ ನೀಲಗಿರಿ ಹಾಕುವುದಕ್ಕೆ 2017ರಲ್ಲೇ ಸರ್ಕಾರದ ನಿಷೇಧ ಬಂತು.

ಆಮೇಲೆ ಒಂದು ಮಳೆಗಾಲ ಪೂರ್ತಿ ಹೊಲವನ್ನು ಸುಮ್ನೆ ನೋಡಿ. ನೀರು ಎಲ್ಲಿಂದ ಬಂದು ಎಲ್ಲಿ ನಿಲ್ಲುತ್ತದೆ, ಕುರಿ ಯಾವ ಸಂದಿನಲ್ಲಿ ನುಗ್ಗುತ್ತದೆ, ಬದುವಿನಲ್ಲಿ ತಾನಾಗಿ ಏನು ಹುಟ್ಟುತ್ತದೆ. ನನ್ನ ಬದುವಿನಲ್ಲಿ ಬೇವು, ಹೊಂಗೆ, ಎಲಚಿ, ಅಲ್ಲೊಂದು ಇಲ್ಲೊಂದು ಶ್ರೀಗಂಧ ಇದ್ದವು. ಯಾರೂ ನೀರು ಹಾಕದೆ ಬೆಳೆದ ಗಿಡಗಳಿಗಿಂತ ದೊಡ್ಡ ಸಲಹೆಗಾರ ಬೇಕೇ?

ಮಣ್ಣಿಗೂ ಒಂದು ಪರೀಕ್ಷೆ ಮಾಡಿ. ಮೂರು ಕಡೆ ಎರಡಡಿ ಆಳದ ಗುಂಡಿ ತೆಗೆದು ನೀರು ತುಂಬಿ, ಇಂಗಲು ಬಿಡಿ. ಮತ್ತೆ ತುಂಬಿ. ಎರಡನೇ ಸಲದ ನೀರು ಮಾರನೇ ದಿನವೂ ನಿಂತಿದ್ದರೆ ಅಲ್ಲಿ ತೇಗ ಬೇಡ, ಬೇರು ಕೊಳೆಯುತ್ತದೆ. ಅದು ನೇರಳೆ, ಹೊಳೆಮತ್ತಿಗಳ ಜಾಗ. ಗುಂಡಿ ತೋಡುವಾಗ ಒಂದಡಿಗೇ ಹಾರೆ ಟಣ್ ಅಂದರೆ ಅಲ್ಲಿ ನಾಟಾ ಮರದ, ಅಂದರೆ ದಿಮ್ಮಿಗೆಂದು ಬೆಳೆಸುವ ಮರದ ಆಸೆ ಬಿಟ್ಟು ಪೊದೆಗೆ ಕೊಡಿ.

ಜಾಗ ಹಂಚುವುದು

ಜನ, ಜೀವಜಂತು, ನಾಟಾ ಮೂರನ್ನೂ ಪ್ರತಿ ಗುಣಿಯಲ್ಲೂ ಬೆರೆಸಲು ಹೋಗಬೇಡಿ. ಜಾಗ ಬೇರೆ ಬೇರೆ ಮಾಡಿ. ಎರಡು ಎಕರೆ ಅಂದರೆ 80 ಗುಂಟೆ. ನಾನು ಹಂಚಿದ್ದು ಹೀಗೆ: ಸುತ್ತಲ ಪಟ್ಟಿಗೆ 20 ಗುಂಟೆ, ದಾರಿಗೂ ನಡುವಿನ ಬಯಲಿಗೂ 10, ಕೃಷಿಹೊಂಡಕ್ಕೆ 2, ಉಳಿದ 48 ಗುಂಟೆ ನಾಟಾಗೆ.

ಸುತ್ತಲ ಪಟ್ಟಿ 20 ಅಡಿ ಅಗಲ. ಅದು ಹಕ್ಕಿಪಕ್ಷಿಗಳದ್ದು, ಕಡಿಯುವಂತಿಲ್ಲ. ಹೊರಗಡೆ ಮುಳ್ಳಿನ ಪೊದೆ: ಕಾರೆ, ಕವಳೆ, ಎಲಚಿ. ಒಳಗಡೆ ಹೊಂಗೆ, ಬೇವು, ನೇರಳೆ, ಕಕ್ಕೆ, ಮುತ್ತುಗ. ನಾಲ್ಕು ಮೂಲೆಗೆ ಅತ್ತಿ, ಬಸರಿ, ಗೋಣಿ, ಆಲ. ಇವು ನಾಲ್ಕೂ ಒಂದೇ ತಿಂಗಳಲ್ಲಿ ಹಣ್ಣು ಬಿಡುವುದಿಲ್ಲ. ಹಾಗಾಗಿ ಬೇರೆ ಮರಗಳಲ್ಲಿ ಏನೂ ಇಲ್ಲದ ಹೊತ್ತಿನಲ್ಲೂ ಕುಟ್ರ ಹಕ್ಕಿಗೆ, ಪಿಕಳಾರಕ್ಕೆ, ಬಾವಲಿಗೆ ಎಲ್ಲೋ ಒಂದು ಕಡೆ ಊಟ ಸಿಗುತ್ತದೆ. ಆಲವನ್ನು ಹೊಂಡದ ಕಡೆಯ ಮೂಲೆಗೆ ಇಡಿ. ಪಕ್ಕದ ಹೊಲದವರಿಗೆ ನೆರಳು ಬಿದ್ದರೆ ಜಗಳ ಗ್ಯಾರಂಟಿ.

ನಮ್ಮ ಕಡೆ ಕಾಡುಪಾಪ (ಸ್ಲೆಂಡರ್ ಲೋರಿಸ್) ಅನ್ನೋ ಪುಟ್ಟ ಪ್ರಾಣಿ ಇದೆ. ತುಮಕೂರು ಹತ್ತಿರದ ನಾಗವಲ್ಲಿ ಅದಕ್ಕೇ ಹೆಸರಾದ ಊರು. ಅದು ರಾತ್ರಿ ಹುಳ ಹಿಡಿಯುತ್ತಾ ಕೊಂಬೆಯಿಂದ ಕೊಂಬೆಗೆ ನಡೆಯುತ್ತದೆ, ಜಿಗಿಯುವುದಿಲ್ಲ. ಕೊಂಬೆ ಕಡಿದುಹೋದ ಕಡೆ ನೆಲಕ್ಕಿಳಿಯಬೇಕು, ಇಳಿದರೆ ನಾಯಿ ಕಾದಿರುತ್ತದೆ. ಆದ್ದರಿಂದ ಪಟ್ಟಿಯಲ್ಲಿ ಗಿಡದಿಂದ ಗಿಡಕ್ಕೆ ಆರೂವರೆ ಅಡಿ ಸಾಕು. ಸುಮಾರು 500 ಗಿಡ ಹಿಡಿಯುತ್ತದೆ. ಪಕ್ಕದ ಬೇಲಿಯ ಮರಗಳಿಗೆ ಒಂದು ಕಡೆಯಾದರೂ ಕೊಂಬೆ ಕೂಡುವ ಹಾಗೆ ನೋಡಿಕೊಳ್ಳಿ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ದಟ್ಟ ಪೊದೆ ಇದ್ದಲ್ಲಿ ಹಂದಿ ಮಲಗುತ್ತದೆ. ನಮ್ಮ ಸೀಮೆಯಲ್ಲಿ ಚಿರತೆಯೂ ಬರುತ್ತದೆ. ಮನೆ ಇರುವ ಕಡೆ, ಮಕ್ಕಳು ಓಡಾಡುವ ದಾರಿಯ ಕಡೆ ಪೊದೆ ಬೇಡವೇ ಬೇಡ. ಅಲ್ಲಿ ಬುಡ ಬೋಳಿರುವ ಮರ ಹಾಕಿ, 50 ಅಡಿ ದೂರಕ್ಕೆ ನೋಟ ಹರಿಯಲಿ.

ನಾಟಾ ಜಾಗದಲ್ಲಿ 10 ಅಡಿಗೊಂದು ಗಿಡ. 48 ಗುಂಟೆಗೆ ಸುಮಾರು 520. ಚದುರಂಗದ ಮನೆಗಳ ಹಾಗೆ ಒಂದು ಬಿಟ್ಟು ಒಂದು ಹೆಬ್ಬೇವು, ನಡುವಿನವು ಹೊನ್ನೆ, ತೇಗ, ಮತ್ತಿ, ಬಾಗೆ. ಹೆಬ್ಬೇವು ಬೇಗ ಎದ್ದು ಮೊದಲು ಹೋಗುವ ಮರ. ಆ 260 ಹೋದಾಗ ಉಳಿದವುಗಳ ನಡುವೆ 14 ಅಡಿ ಬಿಡುವು ಸಿಗುತ್ತದೆ. ಮುಂದೊಂದು ದಿನ ಅವುಗಳಲ್ಲೂ ಅರ್ಧ ತೆಗೆದರೆ 20 ಅಡಿಗೊಂದು, ಒಟ್ಟು 130 ಮರ. ಮನೆಗೆ ಬಾಗಿಲಾಗುವ ಮರ ಅವೇ. 30 ವರ್ಷವಾದರೂ ಬೇಕು.

ಒಂದೇ ಜಾತಿ ಹಾಕಿದರೆ ಲೆಕ್ಕ ಸುಲಭ, ನಿಜ. ಹುಳ ಬಿದ್ದ ವರ್ಷ ಲೆಕ್ಕ ಇನ್ನೂ ಸುಲಭ, ಎಲ್ಲಾ ಸೊನ್ನೆ. ಒತ್ತೊತ್ತಾಗಿ ಒಂದು ಚದರ ಮೀಟರಿಗೆ ಮೂರು ನಾಲ್ಕು ಗಿಡ ಇಡುವ ಮಿಯಾವಾಕಿ ವಿಧಾನದ ಬಗ್ಗೆ ತುಂಬಾ ಜನ ಕೇಳುತ್ತಾರೆ. ಊರೊಳಗಿನ ಚಿಕ್ಕ ಸೈಟಿಗೆ ಚೆನ್ನ. ಎರಡು ಎಕರೆಗೆ ಖರ್ಚು ತಡೆಯೋಕಾಗಲ್ಲ, ನಾಟಾಕ್ಕಂತೂ ಆಗಿಬರುವುದಿಲ್ಲ.

ಶ್ರೀಗಂಧದ ಆಸೆ ಎಲ್ಲರಿಗೂ ಇರುತ್ತದೆ. 2001ರ ತಿದ್ದುಪಡಿ ಬಂದ ಮೇಲೆ ಬೆಳೆದವರೇ ಅದಕ್ಕೆ ಒಡೆಯರು. ಆದರೆ ಅದು ಪಕ್ಕದ ಗಿಡದ ಬೇರಿಗೆ ಬಾಯಿ ಹಾಕಿ ಬದುಕುವ ಮರ. ಒಂಟಿಯಾಗಿ ಇಟ್ಟರೆ ಸೊರಗುತ್ತದೆ. ಪಕ್ಕದಲ್ಲಿ ಮೊದಲು ತೊಗರಿ, ಆಮೇಲೆ ಹೊಂಗೆಯಂಥದ್ದು ಇರಬೇಕು. ಚೇಗು, ಅಂದರೆ ಒಳಗಿನ ಗಟ್ಟಿ ತಿರುಳು, ಕಟ್ಟುವ ಹೊತ್ತಿಗೆ ಕಳ್ಳರೂ ಬರುತ್ತಾರೆ. ರಾತ್ರಿ ಕಾವಲಿಗೆ ಜನ ಇಲ್ಲದವರು ತಾನಾಗಿ ಹುಟ್ಟಿದ್ದನ್ನು ಉಳಿಸಿಕೊಂಡರೆ ಸಾಕು ಅನ್ನೋದು ನನ್ನ ಅಭಿಪ್ರಾಯ.

ಕಾಗದಪತ್ರ

ಬೇಸರದ ಕೆಲಸ, ಆದರೆ ಗುಣಿಗಿಂತ ಮೊದಲು ಮುಗಿಸಿ. ಕರ್ನಾಟಕದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ಸ್ವಂತ ಜಮೀನಿನದ್ದಾದರೂ ತೇಗ, ಹೊನ್ನೆ, ಬೀಟೆ, ಗಂಧ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ನಿಮ್ಮ ವಲಯ ಅರಣ್ಯ ಕಚೇರಿಯಲ್ಲಿ ಪಟ್ಟಿ ನೋಡಿಕೊಂಡು ಬನ್ನಿ. ನೆಟ್ಟ ಮರಗಳನ್ನು ಪಹಣಿಯಲ್ಲಿ ಬರೆಸಿ. ಇವು ನೀವೇ ಬೆಳೆಸಿದವು ಅನ್ನೋದಕ್ಕೆ ಮುಂದೆ ಅದೇ ಸಾಕ್ಷಿ.

ಅದೇ ಕಚೇರಿಯಲ್ಲಿ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಗೂ ಹೆಸರು ಬರೆಸಬಹುದು. ಕಡಿಮೆ ದರಕ್ಕೆ ಸಸಿ ಸಿಗುತ್ತದೆ. ಬದುಕಿದ ಗಿಡಕ್ಕೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂಪಾಯಿ ಪ್ರೋತ್ಸಾಹಧನ. ಸಸಿ ಕೊಟ್ಟ ರಸೀದಿ ಕಳೆಯಬೇಡಿ.

ಸಸಿ

ನಾನು ಸೋತಿದ್ದು ಇಲ್ಲಿ. ಒಂದು ನರ್ಸರಿಯಿಂದ ಆಳೆತ್ತರದ ಹೊನ್ನೆ ಸಸಿ ತಂದೆ. ನೋಡೋಕೆ ಭರ್ಜರಿ. ಎರಡು ವರ್ಷ ಎಲೆ ಬಿಟ್ಟವು, ಮೂರನೇ ವರ್ಷ ಗಾಳಿಗೆ ವಾಲತೊಡಗಿದವು. ಒಂದನ್ನು ಹಿಡಿದು ಎಳೆದರೆ ಕೈಗೇ ಬಂತು. ಬೇರು ಪ್ಯಾಕೆಟ್ಟಿನ ಆಕಾರದಲ್ಲೇ ಸಿಂಬೆಯ ಹಾಗೆ ಸುತ್ತಿಕೊಂಡಿತ್ತು, ಹೊರಗಿನ ಮಣ್ಣಿಗೆ ಬಂದೇ ಇರಲಿಲ್ಲ. ಚಿಕ್ಕ ಪ್ಯಾಕೆಟ್ಟಿನಲ್ಲಿ ವರ್ಷಗಟ್ಟಲೆ ಇಟ್ಟರೆ ಹೀಗೇ ಆಗುವುದು.

ಹಾಗಾಗಿ ಎತ್ತರ ನೋಡಬೇಡಿ, ಬುಡ ನೋಡಿ. ಕಾಂಡದ ಬುಡ ಪೆನ್ಸಿಲ್ ದಪ್ಪ ಇರಲಿ. ಎರಡಡಿ ಗಿಡಕ್ಕೆ 8×12 ಇಂಚಿನ ಪ್ಯಾಕೆಟ್ ಇದ್ದರೆ ಒಳ್ಳೆಯದು. ಪ್ಯಾಕೆಟ್ಟಿನಿಂದ ಬೇರು ನೆಲಕ್ಕಿಳಿದಿದ್ದರೆ ಬೇಡ. ಕೊಳ್ಳುವ ಮುಂಚೆ ಒಂದು ಸಸಿಯ ದುಡ್ಡು ಬೇರೆ ಕೊಟ್ಟು, ಅಲ್ಲೇ ಬಿಚ್ಚಿ ಬೇರು ನೋಡಿ. ಮಾಲೀಕರು ಮುಖ ಸಿಂಡರಿಸಬಹುದು, ಪರವಾಗಿಲ್ಲ.

ಬೀಜದಿಂದ ನೀವೇ ಸಸಿ ಮಾಡಿದರೆ ಇನ್ನೂ ಒಳ್ಳೆಯದು. ಅಂಕೋಲಾ ತಾಲ್ಲೂಕಿನ ತುಳಸಿ ಗೌಡ ಅವರಿಗೆ ಪದ್ಮಶ್ರೀ ತಂದುಕೊಟ್ಟಿದ್ದು ಇಂಥದ್ದೇ ತಿಳಿವಳಿಕೆ. ಯಾವುದು ತಾಯಿಮರ, ಯಾವ ಹೊತ್ತಿನಲ್ಲಿ ಬೀಜ ಆಯಬೇಕು ಅನ್ನೋದು ಅವರಿಗೆ ನೋಡಿದೊಡನೆ ತಿಳಿಯುತ್ತಿತ್ತು. ನಮಗೆ ಅಷ್ಟು ಬೇಡ. ನೆಟ್ಟಗಿರುವ, ರೋಗವಿಲ್ಲದ ಐದಾರು ಮರಗಳಿಂದ ಬೀಜ ತನ್ನಿ, ಒಂದೇ ಮರದಿಂದ ಬೇಡ. ಬೇವು, ನೇರಳೆ ಬೀಜ ಇಟ್ಟರೆ ಕೆಡುತ್ತವೆ, ಒಂದೆರಡು ವಾರದೊಳಗೆ ಬಿತ್ತಿ. ಕಕ್ಕೆ ಬೀಜದ ಸಿಪ್ಪೆ ಗಟ್ಟಿ. ಬಿಸಿನೀರಿಗೆ ಹಾಕಿ ಆರಲು ಬಿಡಿ, ರಾತ್ರಿ ನೆನೆದ ಮೇಲೆ ಬಿತ್ತಿ. ತೇಗದ ಬೀಜಕ್ಕೆ ಒಂದು ವಾರ ರಾತ್ರಿ ನೀರು, ಹಗಲು ಬಿಸಿಲು. ಆಲ, ಬಸರಿಗೆ ಬೀಜದ ಗೊಡವೆಯೇ ಬೇಡ, ತೋಳುದ್ದದ ಗೂಟ ಸಾಕು.

ಗುಣಿ ಮತ್ತು ನೀರು

ಬೇಸಿಗೆಯಲ್ಲೇ ಗುಣಿ ತೆಗೆಸಿ. ಒಂದೂವರೆ ಅಡಿ ಉದ್ದ, ಅಗಲ, ಆಳ. ಮೇಲ್ಮಣ್ಣು ಒಂದು ಕಡೆ, ಕೆಳಮಣ್ಣು ಇನ್ನೊಂದು ಕಡೆ ಹಾಕಲು ಹೇಳಿ. ಹೇಳದಿದ್ದರೆ ಎರಡೂ ಕಲೆಸಿಬಿಡುತ್ತಾರೆ. ಒಂದು ತಿಂಗಳು ಬಿಸಿಲು ಕಾಯಲಿ. ಮೊದಲ ಮಳೆ ಬಿದ್ದ ಮೇಲೆ ಮೇಲ್ಮಣ್ಣಿಗೆ ಒಂದು ಮಂಕರಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ ತುಂಬಿ. ಗೊಬ್ಬರ ಹಸಿಯಿದ್ದರೆ ಗೆದ್ದಲನ್ನು ಊಟಕ್ಕೆ ಕರೆದಂತೆ.

ಇಳಿಜಾರಿಗೆ ಅಡ್ಡವಾಗಿ ಟ್ರೆಂಚು ಹೊಡೆಸಿ. ಎರಡಡಿ ಅಗಲ, ಒಂದೂವರೆ ಅಡಿ ಆಳ, ಹತ್ತು ಹನ್ನೆರಡು ಅಡಿ ಉದ್ದದ ತುಂಡುಗಳು. ಮಟ್ಟ ನೋಡಲು ಗಾರೆ ಕೆಲಸದವರ ನೀರಿನ ಪೈಪು ಸಾಕು. ತೆಗೆದ ಮಣ್ಣು ಕೆಳಗಡೆಗೆ ಬೀಳಬೇಕು. ಎರಡು ಎಕರೆಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ 80 ಸಾವಿರ ಲೀಟರಿಗೂ ಜಾಸ್ತಿ ನೀರು. 5 ಸಾವಿರ ಲೀಟರಿನ ಟ್ಯಾಂಕರಿನಲ್ಲಿ ತರಿಸಿದರೆ 16 ಲೋಡು. ಒಂದೇ ಒಂದು ಹದಮಳೆಯ ನೀರು ಅದು.

ನೆಡುವ ದಿನ

ಜೂನ್ 5ಕ್ಕೆ, ಪರಿಸರ ದಿನ ಅಂತ ಗಿಡ ನೆಟ್ಟರೆ ಫೋಟೊ ಚೆನ್ನಾಗಿ ಬರುತ್ತದೆ. ನಮ್ಮ ಸೀಮೆಯಲ್ಲಿ ಗಿಡ ಬದುಕುವುದು ಕಷ್ಟ. ಜೂನ್ ಕೊನೆ, ಜುಲೈನಲ್ಲಿ ಇಲ್ಲಿ ಬರೀ ಗಾಳಿ, ಹನಿ ಹನಿ ತುಂತುರು. ಎಳೆ ಸಸಿಯನ್ನು ಆ ಗಾಳಿಯೇ ಹೀರಿಬಿಡುತ್ತದೆ. ನಾನು ಪುಷ್ಯ ಕಳೆದು ಆಶ್ಲೇಷ ಮಳೆ ಹಿಡಿಯುವವರೆಗೆ ಕಾಯುತ್ತೇನೆ, ಅಂದರೆ ಆಗಸ್ಟ್ ಮೊದಲ ವಾರ. ಬೇರು ಇಳಿಯುವ ಹೊತ್ತಿಗೆ ಸರಿಯಾಗಿ ಉತ್ತರೆ, ಹಸ್ತೆಯ ದೊಡ್ಡ ಮಳೆ ಸಿಗುತ್ತದೆ. ತಾರೀಖು ಏನೇ ಇರಲಿ, ಗುಣಿಯೊಳಗೆ ಕೈ ಹಾಕಿ ನೋಡಿ. ಒಂದಡಿ ಕೆಳಗಿನ ಮಣ್ಣು ಉಂಡೆ ಕಟ್ಟಿದರೆ ನೆಡಿ.

ಮೋಡದ ದಿನ ಅಥವಾ ಸಂಜೆ ಹೊತ್ತು ಒಳ್ಳೆಯದು. ಪ್ಯಾಕೆಟ್ಟನ್ನು ಬಕೆಟ್ ನೀರಿನಲ್ಲಿ ಅದ್ದಿ, ಗುಳ್ಳೆ ಬರುವುದು ನಿಲ್ಲುವವರೆಗೆ ಹಿಡಿಯಿರಿ. ಬ್ಲೇಡಿನಲ್ಲಿ ಪಕ್ಕ ಸೀಳಿ. ತಳದಲ್ಲಿ ಬೇರು ಸುತ್ತಿದ್ದರೆ ಅರ್ಧ ಇಂಚು ಕತ್ತರಿಸಿ ಬಿಸಾಕಿ. ಕಾಂಡ ಹಿಡಿದು ಎತ್ತಬೇಡಿ, ಮಣ್ಣಿನ ಹೆಂಟೆಯನ್ನು ಎರಡೂ ಕೈಯಲ್ಲಿ ಹಿಡಿದು ಇಳಿಸಿ. ಪ್ಯಾಕೆಟ್ಟಿನಲ್ಲಿ ಮಣ್ಣು ಎಲ್ಲಿತ್ತೋ ನೆಲವೂ ಅಲ್ಲಿಗೇ ಬರಬೇಕು, ಒಂದಿಂಚು ಆಳವೂ ಬೇಡ. ಹಿಮ್ಮಡಿಯಲ್ಲಿ ಮೆಲ್ಲಗೆ ಒತ್ತಿ. ಎರಡೇ ಬೆರಳಲ್ಲಿ ಎಲೆ ಹಿಡಿದು ಎಳೆಯಿರಿ. ಎಲೆ ಹರಿಯಬೇಕು, ಗಿಡ ಅಲ್ಲಾಡಬಾರದು. ಆಮೇಲೆ ಪಾತಿ ಕಟ್ಟಿ, ಮೇಲೆ ಒಣ ಹುಲ್ಲು ಅಥವಾ ರಾಗಿ ಹುಲ್ಲಿನ ಚೂರು ನಾಲ್ಕಿಂಚು ದಪ್ಪ ಹೊದಿಸಿ. ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ, ಇಲ್ಲದಿದ್ದರೆ ಮತ್ತೆ ಗೆದ್ದಲು. ಪ್ಲಾಸ್ಟಿಕ್ ಪ್ಯಾಕೆಟ್ಟುಗಳನ್ನು ಎಣಿಸಿ ಚೀಲಕ್ಕೆ ತುಂಬಿ. ಗಿಡದ ಲೆಕ್ಕವೂ ಸಿಕ್ಕಿತು, ಹೊಲವೂ ಚೊಕ್ಕಟ.

ನೂರಕ್ಕೆ ಹತ್ತು ಸಸಿ ಹೆಚ್ಚಿಗೆ ತಂದು ನೆರಳಲ್ಲಿ ಇಟ್ಟಿರಿ. ಸತ್ತ ಜಾಗಕ್ಕೆ ಮುಂದಿನ ಮುಂಗಾರಿಗೆ ಬೇಕಾಗುತ್ತದೆ.

ಮೂರು ಬೇಸಿಗೆ

ಹುಲಿಕಲ್–ಕುದೂರು ರಸ್ತೆಯ ಆಲದ ಮರಗಳನ್ನು ನೋಡಿದ್ದೀರಲ್ವಾ? ಸಾಲುಮರದ ತಿಮ್ಮಕ್ಕ ಮತ್ತು ಅವರ ಯಜಮಾನರು ಅವನ್ನು ನೆಟ್ಟಿದ್ದು ಮಾತ್ರವಲ್ಲ, ನೀರು ಹೊತ್ತರು, ದನ ಬಾಯಿ ಹಾಕದ ಹಾಗೆ ಮುಳ್ಳು ಕಟ್ಟಿದರು. ಆ ಕೆಲಸಕ್ಕೆ ಇವತ್ತಿಗೂ ಅಡ್ಡದಾರಿ ಇಲ್ಲ.

ಲೆಕ್ಕ ಹಾಕಿ. ಸಾವಿರ ಗಿಡಕ್ಕೆ ಹತ್ತು ಲೀಟರಿನಂತೆ ಒಂದು ಸಲಕ್ಕೆ ಎರಡು ಟ್ಯಾಂಕರ್. ಹತ್ತು ದಿನಕ್ಕೊಮ್ಮೆ, ಡಿಸೆಂಬರಿನಿಂದ ಮೇವರೆಗೆ 18 ಸಲ, ಅಂದರೆ 36 ಟ್ಯಾಂಕರ್. ಹೊಂಡದಲ್ಲಿ ನೀರಿರುವಷ್ಟು ದಿನ ಸ್ವಲ್ಪ ಉಳಿಯುತ್ತದೆ. ಈ ಖರ್ಚಿಗೆ ದುಡ್ಡು ಎತ್ತಿಡಲಾಗದಿದ್ದರೆ ಅರ್ಧ ಎಕರೆಯಿಂದ ಶುರು ಮಾಡಿ. ಎರಡನೇ ಬೇಸಿಗೆ 20 ದಿನಕ್ಕೊಮ್ಮೆ ಸಾಕು. ಮೂರನೆಯದರಲ್ಲಿ ಬಾಡಿದ್ದಕ್ಕೆ ಮಾತ್ರ. ದಿನಾ ಒಂದೊಂದು ಚೊಂಬು ಹಾಕುವುದು ಬೇಡ. ಬೇರು ಮೇಲೆಯೇ ಉಳಿದು ಸೋಮಾರಿಯಾಗುತ್ತದೆ.

ಕುರಿ ಮೇಕೆಯ ವಿಷಯ ತಂತಿಬೇಲಿಯಿಂದ ಮುಗಿಯುವುದಿಲ್ಲ, ಮಾತಿನಿಂದ ಮುಗಿಯುತ್ತದೆ. ತೋಪಿನೊಳಗೆ ಎದೆಮಟ್ಟ ಹುಲ್ಲು ಬರುತ್ತದೆ. "ಕೊಯ್ದುಕೊಂಡು ಹೋಗಿ, ದುಡ್ಡು ಬೇಡ, ಆಡು ಮಾತ್ರ ಬಿಡಬೇಡಿ" ಅಂತ ಊರವರಿಗೆ ಹೇಳಿದೆ. ಈಗ ಬೇರೆಯವರ ಮೇಕೆ ನುಗ್ಗಿದರೆ ಅವರೇ ಓಡಿಸುತ್ತಾರೆ. ಉದುರಿದ ಪುಳ್ಳೆ, ಹೊಂಗೆ ಬೀಜ, ನೇರಳೆ ಹಣ್ಣು ಇವಕ್ಕೂ ಇದೇ ಕರಾರು. ಕಾಲುದಾರಿ ಮೊದಲಿಂದ ಇದ್ದರೆ ಮುಚ್ಚಬೇಡಿ.

ಬೆಂಕಿ. ಸಂಕ್ರಾಂತಿ ಒಳಗೆ ಸುತ್ತ ಹತ್ತಡಿ ಹುಲ್ಲು ಹೆರೆದು ನೆಲ ಕಾಣುವ ಹಾಗೆ ಮಾಡಬೇಕು. 2016ರಲ್ಲಿ ನಾನು "ಮುಂದಿನ ವಾರ" ಅಂತ ತಳ್ಳುತ್ತಾ ಹೋದೆ. ಫೆಬ್ರವರಿಯ ಒಂದು ಮಧ್ಯಾಹ್ನ ಎಲ್ಲಿಂದಲೋ ಕಿಡಿ ಬಂತು. ಬೇವಿನ ಸೊಪ್ಪಿನ ಕೊಂಬೆ ಹಿಡಿದು ಬಡಿದೆವು. ಆದರೂ ಪಡುವಣ ಪಟ್ಟಿ ಪೂರ್ತಿ ಹೋಯಿತು. ಮಳೆ ಬಂದ ಮೇಲೆ ಹೊಂಗೆ, ಮುತ್ತುಗ ಬುಡದಿಂದ ಚಿಗುರಿದವು. ಉಳಿದವು ಬರಲಿಲ್ಲ.

ಸವರುವುದು, ಕಡಿಯುವುದು

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ನಾಟಾ ಮರದ ಪಕ್ಕಗೊಂಬೆಗಳನ್ನು ಎಳೆಯದರಲ್ಲೇ ತೆಗೆಯಬೇಕು. ಹೆಬ್ಬೇವಿನಲ್ಲಿ ಚಿಗುರಿದ್ದಾಗಲೇ ಬೆರಳಿನಿಂದ ಚಿವುಟಿ. ದೊಡ್ಡದಾದರೆ ಗರಗಸ, ಮಚ್ಚು ಬೇಡ, ತೊಗಟೆ ಸೀಳುತ್ತದೆ. ಒಂದು ಸಲಕ್ಕೆ ಹಸಿರಿನ ಮೂರರಲ್ಲೊಂದು ಪಾಲಿಗಿಂತ ಜಾಸ್ತಿ ತೆಗೆಯಬೇಡಿ. ಸೊಟ್ಟಗೆ ಬೆಳೆದ ಎರಡು ವರ್ಷದ ತೇಗವನ್ನು ಬೇಸಿಗೆ ಕೊನೆಯಲ್ಲಿ ನೆಲಕ್ಕೆ ಸಮ ಕಡಿದುಬಿಡಿ. ಮಳೆಗೆ ನಾಲ್ಕೈದು ಚಿಗುರು ಬರುತ್ತವೆ, ನೆಟ್ಟಗಿರುವ ಒಂದನ್ನು ಇಟ್ಟುಕೊಳ್ಳಿ. ಸುತ್ತಲ ಪಟ್ಟಿಯಲ್ಲಿರುವ ಮರಗಳನ್ನು ಸವರಬೇಡಿ, ಅವು ಹೇಗೆ ಬೇಕಾದರೂ ಬೆಳೆಯಲಿ.

ಹೆಬ್ಬೇವು ನೀರಿದ್ದರೆ 6ರಿಂದ 8 ವರ್ಷಕ್ಕೆ ಪ್ಲೈವುಡ್‌ಗೆ ಬರುತ್ತದೆ. ಮಳೆಯನ್ನೇ ನಂಬಿದ ನನ್ನ ಮರಗಳಿಗೆ 9 ವರ್ಷ ಬೇಕಾಯಿತು. ವ್ಯಾಪಾರಿ ಬರುವ ಮುಂಚೆ ನೀವೇ ಅಳೆದಿಟ್ಟುಕೊಳ್ಳಿ. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಟೇಪು ಸುತ್ತಿ ಸುತ್ತಳತೆ ಬರೆಯಿರಿ. ಪ್ರತಿ ಜನವರಿಯಲ್ಲಿ ಬರೆದ ಪುಸ್ತಕ ಇದ್ದರೆ ಯಾವ ಮರ ನಿಂತಲ್ಲೇ ನಿಂತಿದೆ ಅಂತ ಗೊತ್ತಾಗುತ್ತದೆ. ಕಡಿಯುವ ಮರಕ್ಕೆ ಕೆಂಪು ಬಣ್ಣ ನೀವೇ ಹಚ್ಚಿ. ಆಯ್ಕೆ ಅವರಿಗೆ ಬಿಟ್ಟರೆ ನೆಟ್ಟಗಿರುವುದನ್ನು ಒಯ್ದು ಸೊಟ್ಟ ಮರ ನಿಮಗೆ ಬಿಡುತ್ತಾರೆ. ಕವಲೊಡೆದದ್ದು, ಬಾಗಿದ್ದು, ಪಕ್ಕದ್ದರ ನೆರಳಲ್ಲಿ ಸಿಕ್ಕಿಕೊಂಡದ್ದು ಮೊದಲು ಹೋಗಲಿ. ಹಕ್ಕಿ ಗೂಡು ಕಟ್ಟುವ ತಿಂಗಳುಗಳಲ್ಲಿ ಕೊಡಲಿ ಬೇಡ. ನಾನು ಕಡಿಸಿದ್ದು ಡಿಸೆಂಬರಿನಲ್ಲಿ.

ಆ ಡಿಸೆಂಬರಿನಲ್ಲಿ ಲಾರಿ ಹೋದ ಮೇಲೆ ತೋಪು ಕೂದಲು ಬೋಳಿಸಿದ ತಲೆಯಂತೆ ಕಂಡಿತು. ನಮ್ಮಮ್ಮ ಎರಡು ದಿನ ಆ ಕಡೆ ಬರಲೇ ಇಲ್ಲ. ಮುಂದಿನ ಮಳೆಗೆ ಬಿಸಿಲು ಬಿದ್ದ ಕಡೆಯೆಲ್ಲ ನೆಲ ಎದ್ದುಬಿಟ್ಟಿತು. ಹೆಬ್ಬೇವಿನ ಸಾಲುಗಳ ನಡುವೆ ನಾನು ನೆಡದ 43 ಬೇವಿನ ಸಸಿ, 11 ನೇರಳೆ, ಎರಡು ಗಂಧ ಎಣಿಸಿದೆ. ಬೀಜ ಹಾಕಿದ್ದು ಹಕ್ಕಿ, ಬಾವಲಿಗಳು. ನಾಲ್ಕು ಸತ್ತ ಮರಗಳನ್ನು ಬೇಕೆಂದೇ ಬಿಟ್ಟಿದ್ದೆ. ಅದರಲ್ಲೊಂದಕ್ಕೆ ಕುಟ್ರ ಹಕ್ಕಿ ತೂತು ಕೊರೆಯುತ್ತಿದೆ. ಸೌದೆಗೆ ಕೊಡಿ ಅಂತ ಇಬ್ಬರು ಕೇಳಿದ್ದರು, ಅದು ಬಾಡಿಗೆಗೆ ಹೋಗಿದೆ ಅಂದೆ.